‘ಪಾಸಿಟಿವ್’ ಎಂದ ಮಾತ್ರಕ್ಕೆ ಲಸಿಕೆ ತರಿಸಬೇಡಿ

ನಾಲ್ಕು ವಾರದ ಬ್ರಾಯ್ಲರ್ ಬ್ಯಾಚಿನಲ್ಲಿ ಇದ್ದಕ್ಕಿದ್ದಂತೆ ಸಾವು ಏರುತ್ತದೆ. ಸತ್ತ ಕೋಳಿಯನ್ನು ಕೊಯ್ದರೆ ಯಕೃತ್ತು ಊದಿಕೊಂಡು, ಹಳದಿಗಟ್ಟಿ, ರಕ್ತದ ಚುಕ್ಕೆಗಳಿಂದ ತುಂಬಿರುತ್ತದೆ. ಮೊದಲ ಎರಡು ದಿನ ಲಿವರ್ ಟಾನಿಕ್‌ನಲ್ಲಿ ಕಳೆಯುತ್ತದೆ. ‘ಅಡೆನೊವೈರಸ್ ಪಾಸಿಟಿವ್’ ಎಂಬ ವರದಿ ಕೈಸೇರಿದ ಸಂಜೆ ನನಗೆ ಕರೆ ಬರುತ್ತದೆ: ‘ಸಾರ್, ಲೀಚಿ ರೋಗ ಅಂತ ಗ್ಯಾರಂಟಿ ಆಯ್ತು, ವ್ಯಾಕ್ಸಿನ್ ತರಿಸಿಬಿಡ್ಲಾ?’ ಈ ಪ್ರಶ್ನೆಗೆ ನಾನು ಕೊಡುವ ಉತ್ತರ ಹಲವು ವರ್ಷಗಳಿಂದ ಒಂದೇ: ಯಾವ ಟೈಪು ಎಂದು ವರದಿಯಲ್ಲಿದೆಯೇ? ಬಹುಪಾಲು ಸಲ ಇರುವುದಿಲ್ಲ.

ಕೋಳಿಗಳ ಅಡೆನೊವೈರಸ್ ಎಂಬುದು ಒಂದು ವೈರಸ್ಸಲ್ಲ. ಎ ಯಿಂದ ಇ ವರೆಗೆ ಐದು ಪ್ರಭೇದಗಳು, ಅವುಗಳೊಳಗೆ 12 ಸೀರೊಟೈಪುಗಳು, ಅಂದರೆ ಪ್ರತಿಕಾಯಗಳು ಬೇರೆಬೇರೆಯೆಂದು ಗುರುತಿಸುವ ಟೈಪುಗಳು. ಹೃದಯದ ಸುತ್ತ ನೀರು ತುಂಬಿ, ಸಿಪ್ಪೆ ಸುಲಿದ ಲೀಚಿ ಹಣ್ಣಿನಂತೆ ಕಾಣಿಸುವ ರೋಗಕ್ಕೆ ಕಾರಣ ಸಿ ಪ್ರಭೇದದ 4ನೇ ಟೈಪು. 1987ರಲ್ಲಿ ಕರಾಚಿ ಸಮೀಪದ ಅಂಗಾರಾ ಗೋಠ್‌ನಲ್ಲಿ ಮೊದಲು ಕಂಡ ಈ ರೋಗ 1994ರ ಹೊತ್ತಿಗೆ ಉತ್ತರ ಭಾರತದಲ್ಲಿ ಕಾಣಿಸಿಕೊಂಡಿತು. ಹೃದಯದ ಸುತ್ತ ಅಷ್ಟು ನೀರಿಲ್ಲದೆ ಮುಖ್ಯವಾಗಿ ಯಕೃತ್ತೇ ಕೆಡುವ ‘ಇನ್‌ಕ್ಲೂಷನ್ ಬಾಡಿ ಹೆಪಟೈಟಿಸ್’ಗೆ ಸಾಮಾನ್ಯವಾಗಿ ಡಿ ಮತ್ತು ಇ ಪ್ರಭೇದಗಳ 2, 11, 8ಎ, 8ಬಿ ಟೈಪುಗಳು ಕಾರಣವಾಗುತ್ತವೆ. ಎರಡರಲ್ಲೂ ಯಕೃತ್ತಿನ ಜೀವಕೋಶಗಳ ಕೇಂದ್ರದಲ್ಲಿ ಅದೇ ಬಗೆಯ ಕಣಗಳು ಕಾಣುವುದರಿಂದ ಸೂಕ್ಷ್ಮದರ್ಶಕ ಟೈಪನ್ನು ಹೇಳಲಾರದು.

ವೈರಸ್ಸಿನ ಡಿಎನ್‌ಎ ಪತ್ತೆಹಚ್ಚುವ ಸಾಮಾನ್ಯ ಪಿಸಿಆರ್ ಪರೀಕ್ಷೆ ಹುಡುಕುವುದು ಈ ಎಲ್ಲ ಟೈಪುಗಳಿಗೂ ಸಮಾನವಾದ ಭಾಗವನ್ನು; ಆದ್ದರಿಂದಲೇ ಅದು ಯಾವುದನ್ನೂ ತಪ್ಪಿಸಿಕೊಳ್ಳಬಿಡುವುದಿಲ್ಲ, ಆದ್ದರಿಂದಲೇ ಅದು ಯಾವುದೆಂದು ಹೇಳುವುದೂ ಇಲ್ಲ. ಟೈಪು ತಿಳಿಯಬೇಕಾದರೆ ವೈರಸ್ಸಿನ ಹೊರಕವಚದ ಹೆಕ್ಸಾನ್ ಜೀನಿನಲ್ಲಿರುವ, ಟೈಪಿನಿಂದ ಟೈಪಿಗೆ ಬದಲಾಗುವ ಭಾಗದ ಸುಮಾರು 900 ಡಿಎನ್‌ಎ ಅಕ್ಷರಗಳನ್ನು ಓದಿ, ಗೊತ್ತಿರುವ ಟೈಪುಗಳೊಡನೆ ಹೋಲಿಸಬೇಕು. ಕೋಳಿಯ ಪ್ರತಿಕಾಯಗಳು ಗುರುತಿಸುವುದೂ ಬಹಳಮಟ್ಟಿಗೆ ಇದೇ ಭಾಗವನ್ನೇ. ಹಾಗಾಗಿ 4ನೇ ಟೈಪಿನ ಲಸಿಕೆ ಹಾಕಿಸಿಕೊಂಡು 8ಬಿ ಅಥವಾ 11ರಿಂದ ರಕ್ಷಣೆ ಬಯಸುವುದು ಪಕ್ಕದ ಮನೆಗೆ ಬೀಗ ಹಾಕಿ ನಮ್ಮ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಿದಂತೆ. ಒಂದೇ ಪ್ರಭೇದದೊಳಗಿನ ಟೈಪುಗಳ ನಡುವೆ ಸ್ವಲ್ಪ ರಕ್ಷಣೆ ಸಿಗಬಹುದು; ಅದನ್ನೇ ನೆಚ್ಚಿಕೊಳ್ಳಿ ಎಂದು ನಾನಂತೂ ಹೇಳಲಾರೆ. ಆರೋಗ್ಯವಾಗಿರುವ ಕೋಳಿಗಳ ಹಿಕ್ಕೆಯಲ್ಲೂ ಅಡೆನೊವೈರಸ್ ಸಿಗುತ್ತದೆ, ಹಾಗಾಗಿ ‘ಪಾಸಿಟಿವ್’ ಎಂದ ಮಾತ್ರಕ್ಕೆ ಸಾವಿಗೆ ಅದೇ ಕಾರಣ ಎನ್ನಲಾಗದು ಎಂಬುದನ್ನೂ ಮರೆಯಬಾರದು.

ಟೈಪು ತಿಳಿದವರು ಮಾಡುವ ಅವಸರ ಇನ್ನೊಂದು ಬಗೆಯದು. ಹೊಸಕೋಟೆ ಕಡೆಯ ರೈತರೊಬ್ಬರು ತಮ್ಮ ಶೆಡ್ಡಿನ ವೈರಸ್ಸೂ ಬದುವಿನಾಚೆ ಇರುವ ದಾಯಾದಿಯ ಶೆಡ್ಡಿನದೂ ಅಕ್ಷರಶಃ ಒಂದೇ ಎಂದು ತಿಳಿದೊಡನೆ, ರೋಗ ತಂದವನು ಅವನೇ ಎಂದು ಊರಿಗೆಲ್ಲ ಸಾರಿದ್ದರು. ಹ್ಯಾಚರಿಯ ಚೀಟಿಗಳನ್ನು ತರಿಸಿ ನೋಡಿದಾಗ ಇಬ್ಬರ ಮರಿಗಳೂ ಒಂದೇ ತಾಯಿಕೋಳಿಗಳ ಹಿಂಡಿನವು. ಈ ವೈರಸ್ ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ದಾಟುತ್ತದೆ. ಮೊಟ್ಟೆಯಿಡುವ ಹೊತ್ತಿನಲ್ಲಿ ಸೋಂಕು ತಗುಲಿದ ಒಂದೇ ಹಿಂಡಿನಿಂದ ಹತ್ತಾರು ಶೆಡ್ಡುಗಳಿಗೆ ಮರಿಗಳು ಹೋಗಿರುತ್ತವೆ. ಮೊಟ್ಟೆಯಿಂದಲೇ ಬಂತು ಎಂದು ಆಗಲೂ ನಾನು ಖಚಿತವಾಗಿ ಹೇಳಲಿಲ್ಲ, ಏಕೆಂದರೆ ಆ 900 ಅಕ್ಷರಗಳಷ್ಟು ಸಣ್ಣ ಭಾಗದ ಹೋಲಿಕೆ ದಾರಿಯನ್ನು ಸೂಚಿಸೀತೇ ಹೊರತು ಸಾಬೀತು ಮಾಡದು. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಾನು ಸುಮ್ನೆ ಬೈದ್ನಾ ಸಾರ್?’ ಎಂದರು.

ಪಂಡಿತರೂ ಈ ಅವಸರಕ್ಕೆ ಹೊರತಲ್ಲ. 2015ರಲ್ಲಿ ಚೀನಾದಲ್ಲಿ ಹಬ್ಬಿದ ಉಗ್ರ ಸ್ವರೂಪದ 4ನೇ ಟೈಪಿನಲ್ಲಿ 1,966 ಅಕ್ಷರಗಳಷ್ಟು ಉದ್ದದ ತುಂಡು ಕಾಣೆಯಾಗಿತ್ತು; ಉಗ್ರತೆಗೆ ಅದೇ ಕಾರಣವಿರಬಹುದೆಂಬ ಶಂಕೆ ಸಹಜವಾಗಿತ್ತು. ಆದರೆ ಮುಂದಿನ ಪ್ರಯೋಗಗಳು ಆ ತುಂಡಿಗೂ ಉಗ್ರತೆಗೂ ಸಂಬಂಧವಿಲ್ಲವೆಂದು ತೋರಿಸಿ, ಹೆಕ್ಸಾನ್ ಜೀನು ಮತ್ತು ಹೊರಕವಚದಿಂದ ಚಾಚಿದ ಎಳೆಯ ಫೈಬರ್-2 ಜೀನಿನತ್ತ ಬೆರಳು ಮಾಡಿದವು.

ಆದ್ದರಿಂದ ಮಾದರಿ ಕಳಿಸುವಾಗ ಆಗತಾನೇ ಸತ್ತ ಕೋಳಿಗಳ ಯಕೃತ್ತಿನ ತುಂಡನ್ನು ಐಸಿನಲ್ಲಿಟ್ಟು ಕಳಿಸಿ. ಫಾರ್ಮಲಿನ್ ಬಾಟಲಿ ಸೂಕ್ಷ್ಮದರ್ಶಕದ ಪರೀಕ್ಷೆಗೆ ಬೇರೆಯೇ ಇರಲಿ. ಮರಿಗಳ ವಯಸ್ಸು, ಮೊಟ್ಟೆಯೊಡೆದು ಹೊರಬಂದ ದಿನಾಂಕ, ತಾಯಿಹಿಂಡಿನ ಗುರುತು ಬರೆಯಿರಿ. ಟೈಪು ಬೇಕೆಂದು ಅರ್ಜಿಯಲ್ಲೇ ಕೇಳಿರಿ. ಲಸಿಕೆಯ ಮಾತನ್ನು ಆಮೇಲೆ, ಸಾಧ್ಯವಾದರೆ ತಾಯಿಹಿಂಡಿನ ಮಾಲೀಕರನ್ನೂ ಕೂರಿಸಿಕೊಂಡು ಆಡೋಣ. ಹೊಸಕೋಟೆಯ ಆ ರೈತರು ಈಗ ಪ್ರತಿ ಬ್ಯಾಚಿನ ಹ್ಯಾಚರಿ ಚೀಟಿಯನ್ನೂ ಶೆಡ್ಡಿನ ಮೊಳೆಗೆ ಸಿಕ್ಕಿಸಿಡುತ್ತಾರೆ. ದಾಯಾದಿಯ ಚೀಟಿಗಳೂ ಅಲ್ಲೇ ಇವೆ.