ಒಬ್ಬನೇ ಮನುಷ್ಯನನ್ನು ಹನ್ನೆರಡು ಕಡೆ ಬರೆದ್ರೆ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಸಂಘ, ಸೊಸೈಟಿ, ಶಾಲೆಗಳಿಗೆ ಕೆಲಸದ ಪ್ಲಾನ್ ಮಾಡಿಕೊಡುವುದು ನನ್ನ ಉದ್ಯೋಗ. ಬಜೆಟ್, ತಾರೀಕು, ಪಟ್ಟಿ ಎಲ್ಲ ಈಗ ಎಲ್ಲರಿಗೂ ಗೊತ್ತುಂಟು. ಆದ್ರೆ ಒಂದು ತಪ್ಪು ಮಾತ್ರ ಎಷ್ಟು ಹೇಳಿದ್ರೂ ಹೋಗೋದಿಲ್ಲ ಮಾರಾಯ್ರೆ, ಒಬ್ಬನೇ ಮನುಷ್ಯನ ಹೆಸರನ್ನು ಒಂದೇ ವಾರಕ್ಕೆ ನಾಲ್ಕು ಕಡೆ ಬರೀತಾರೆ, ಬರೆಯುವವರು ಬೇರೆ ಬೇರೆ ಆದ ಕಾರಣ ಯಾರ ಕಣ್ಣಿಗೂ ಬೀಳೋದಿಲ್ಲ.

ಕಳೆದ ಮೇ ತಿಂಗಳಲ್ಲಿ ಹನ್ನೆರಡು ತೋಟದವರು ಸೇರಿ ಅಡಿಕೆಗೆ ಮದ್ದು ಬಿಡ್ಲಿಕ್ಕೆ ಪ್ಲಾನ್ ಮಾಡಿ ನನಗೆ ತೋರಿಸಿದ್ರು. 100 ಲೀಟರ್ ನೀರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ಲೆಕ್ಕ ಸರಿ ಉಂಟು, ಪಂಪೂ ರೆಡಿ. ಮರ ಹತ್ತುವ ಜೋಡಿ ಮಾತ್ರ ಒಂದೇ. ತೋಟಕ್ಕೆ ಎರಡು ದಿನ ಅಂತ ಹಿಡಿದ್ರೂ 24 ದಿನ ಆಯ್ತು, ಅದೂ ನಡುವೆ ಮಳೆ ಬಾರದಿದ್ರೆ, ಇವರು ಇಟ್ಟದ್ದು 10 ದಿನ! ಕೊಳೆರೋಗಕ್ಕೆ ಮೊದಲ ಮದ್ದು ಮಳೆಗಾಲ ಹಿಡಿಯುವ ಮೊದಲೇ ಬೀಳ್ಬೇಕು, 40-45 ದಿನದಲ್ಲಿ ಎರಡನೇದು, ಹಾಗಾಗಿ ಕೊನೆಯ ತೋಟದ್ದು ತಡ ಆದಷ್ಟು ಮುಂದಿನ ಸುತ್ತೂ ಇಕ್ಕಟ್ಟು.

ಆ ಮರ ಹತ್ತುವ ಜೋಡಿಯಲ್ಲಿ ಒಬ್ಬ ಹುಡುಗನತ್ರ ಹೋಗಿ ಕೇಳಿದೆ. "ಅಣ್ಣಾ, ಬರ್ತೀಯಾ ಅಂತ ಕೇಳಿದ್ರು, ಬರ್ತೇನೆ ಅಂದೆ, ಯಾವತ್ತು ಅಂತ ಯಾರೂ ಕೇಳ್ಲಿಲ್ಲ" ಅಂದ. ಹನ್ನೆರಡು ಮಂದಿಗೂ ಅದೇ ಉತ್ತರ ಕೊಟ್ಟಿದ್ದಾನೆ, ಅವನ ತಪ್ಪು ಏನೂ ಇಲ್ಲ.

ದೊಡ್ಡವರೂ ಇದರಲ್ಲಿ ಎಡವಿದ್ದುಂಟು. 1957ರ ಹೊತ್ತಿಗೆ ಡ್ಯುಪಾಂಟ್ ಕಂಪೆನಿಯವರು ಕ್ರಿಟಿಕಲ್ ಪಾತ್ ಅಂತ ಕೆಲಸದ ಪ್ಲಾನ್ ಹಾಕುವ ಒಂದು ಕ್ರಮ ಮಾಡಿದ್ರಲ್ಲ, ಯಾವ ಕೆಲಸ ತಡ ಆದ್ರೆ ಎಲ್ಲವೂ ತಡ ಅಂತ ಅದು ಚಂದ ತೋರಿಸ್ತದೆ, ಆದ್ರೆ ಬೇಕಾದಾಗ ಜನ ಸಿಕ್ಕೇ ಸಿಗ್ತಾರೆ ಅಂತ ಮೊದಲೇ ನಂಬಿಕೊಂಡು ಲೆಕ್ಕ ಹಾಕ್ತದೆ. ಜನರ ಲೆಕ್ಕ ಬೇರೆಯೇ ಮಾಡ್ಬೇಕು.

ಅದಕ್ಕೆ ನಾನು ಎರಡನೇ ಕಾಗದ ಮಾಡಿಸ್ತೇನೆ. ಅದರಲ್ಲಿ ಕೆಲಸದ ಸಾಲು ಇಲ್ಲ, ಮನುಷ್ಯನಿಗೆ ಒಂದು ಸಾಲು, ಪಂಪಿಗೆ ಒಂದು, ಜೀಪಿಗೆ ಒಂದು. ಒಂದು ದಿನದ ಚೌಕದಲ್ಲಿ ಎರಡು ಕೆಲಸದ ಹೆಸರು ಬಿದ್ರೆ ಅಲ್ಲೇ ನಿಲ್ಲಿಸಿ ಮಾತಾಡ್ಬೇಕು. ಎಲ್ಲ ಕಡೆಗೂ ಇದೇ ಸಾಕಾಗ್ತದೆ ಅಂತ ನಾನು ಹೇಳೋದಿಲ್ಲ, ದೊಡ್ಡ ಆಫೀಸಲ್ಲಿ ರಜೆ, ವರ್ಗಾವಣೆ ಎಲ್ಲ ಸೇರಿ ಬೇರೆ ಕಷ್ಟ ಉಂಟು.

ಕೊನೆಗೆ ಮುಳ್ಳೇರಿಯ ಕಡೆಯಿಂದ ಇನ್ನೊಂದು ಜೋಡಿ ಕರೆಸಿದೆವು. ಆದ್ರೂ ಮೂರು ತೋಟ ಹಿಂದೆ ಬಿತ್ತು, ಆ ತೋಟದವರಿಗೆ ಮೊದಲೇ ಫೋನ್ ಮಾಡಿ ಹೇಳಿದೆ. ಅದರಲ್ಲಿ ಒಬ್ಬ ಅಜ್ಜ, "ಹೇಳಿದ್ರಲ್ಲ, ಸಾಕು" ಅಂದು ಮಾರನೇ ದಿನ ತನ್ನ ಪಂಪನ್ನೇ ಬೇರೆಯವರಿಗೆ ಕಳಿಸಿಕೊಟ್ರು.