ರಾಕ್ಷಸ ಬೇಟೆಯ ಕಾದಂಬರಿಗೆ ನಮ್ಮ ದೈವ ಖಳನಾಗಬಹುದಾ?

ಪ್ರಶ್ನೆ: ಉಡುಪಿ ಕಡೆಯ ಒಂದು ಹಳೇ ಗುತ್ತಿನ ಮನೆ, ಅಂದರೆ ಊರಿನ ಹಿರಿಯ ಜಮೀನ್ದಾರಿ ಮನೆತನದ ಮನೆ. ಅಲ್ಲಿನ ದುಷ್ಟಶಕ್ತಿಯನ್ನು ಬೇಟೆಯಾಡಲು ಮಂಗಳೂರಿನಿಂದ ಒಬ್ಬ ಬರುತ್ತಾನೆ. ಇಂಥದ್ದೊಂದು ಹಾರರ್ ಥ್ರಿಲ್ಲರ್ ಬರೆಯುತ್ತಿದ್ದೇನೆ. ತುಳುನಾಡಿನವರು ನಂಬುವ ದೈವಗಳಾದ ಗುಳಿಗನನ್ನೋ ಕಲ್ಲುರ್ಟಿಯನ್ನೋ ಖಳನಾಗಿ ತರಬಹುದಾ? ಬೇಡ ಅಂದರೆ ನನ್ನ ನಾಯಕ ಬೇಟೆಯಾಡೋದು ಯಾರನ್ನು?

ಉತ್ತರ: ದೈವವನ್ನು ಖಳನಾಗಿ ಮಾಡಬೇಡಿ. ನಂಬಿದವರಿಗೆ ನೋವಾಗುತ್ತದೆ ಅನ್ನೋದು ಒಂದು ಕಾರಣ, ಅದೇನೂ ಸಣ್ಣದಲ್ಲ. ಅದರ ಜೊತೆ ಕಥೆ ಕೆಡುತ್ತದೆ ಅನ್ನೋ ಕಾರಣವೂ ಇದೆ. ದೈವ ಮುನಿದಿದೆ ಅಂತ ಓದಿದ ಕೂಡಲೇ ನಮ್ಮ ಊರಿನ ಓದುಗರ ತಲೆಗೆ ಬರುವ ಮೊದಲ ಪ್ರಶ್ನೆ, ‘ಈ ಮನೆಯವರು ಏನು ಮಾಡಿದ್ದಾರೆ?’ ಅನ್ನೋದು. ನಿಮ್ಮ ನಾಯಕ ಕತ್ತಿ ಹಿಡಿದು ದೈವದ ಹಿಂದೆ ಬಿದ್ದರೆ ಓದುಗ ದೈವದ ಕಡೆಗೇ ನಿಲ್ಲುತ್ತಾನೆ. ಥ್ರಿಲ್ಲರ್ ಅಲ್ಲಿಗೇ ಸಪ್ಪೆ ಆಯಿತು.

ಕಲ್ಕುಡ–ಕಲ್ಲುರ್ಟಿಯ ಪಾಡ್ದನವನ್ನೇ (ತುಳು ಜನಪದ ಕಥನಗೀತೆ) ನೋಡಿ. ಕಾರ್ಕಳದ ಗೊಮ್ಮಟನನ್ನು ಕೆತ್ತಿದವನು ಬೀರ ಕಲ್ಕುಡ ಅಂತ ಅದು ಹೇಳುತ್ತದೆ. ಆ ಮೂರ್ತಿ ಪ್ರತಿಷ್ಠೆಯಾದದ್ದು 1432ರಲ್ಲಿ. ಸುಮಾರು 42 ಅಡಿಯ ಏಕಶಿಲೆ. ಇಂಥದ್ದು ಇನ್ನೆಲ್ಲೂ ಆಗಬಾರದು ಅಂತ ಅರಸ ಆ ಶಿಲ್ಪಿಯ ಎಡಗೈ, ಬಲಗಾಲು ಕಡಿಸುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ನೋಡುತ್ತಾಳೆ. ಇಬ್ಬರೂ ಮಾಯಕ್ಕೆ ಸಂದು (ಈ ಲೋಕದಿಂದ ಮರೆಯಾಗಿ), ದೈವಗಳಾಗಿ ಅರಮನೆಯನ್ನು ಕಾಡುತ್ತಾರೆ. ಈ ಕಥೆಯನ್ನು ಅರಮನೆಯ ಒಳಗೆ ಕೂತು ಹೇಳಿದರೆ ಶುದ್ಧ ಹಾರರ್. ಕಲ್ಲು ಕೆತ್ತಿದವನ ಮನೆಯ ಅಂಗಳದಿಂದ ಹೇಳಿದರೆ ಅದು ಸಿಗದೇ ಹೋದ ನ್ಯಾಯ. ಊರು ಯಾವುದನ್ನು ಉಳಿಸಿಕೊಂಡಿತು? ಅರಸನ ಹೆಸರು ಶಾಸನದಲ್ಲಿದೆ. ಕೋಲದ ಆರಾಧನೆ ಸಿಗುತ್ತಿರುವುದು ಆ ಅಣ್ಣ–ತಂಗಿಗೆ.

ನಿಮ್ಮ ಕಾದಂಬರಿಯ ಗುತ್ತಿನ ಮನೆಯಲ್ಲೂ ದೈವ ಇರಲಿ, ಆದರೆ ವಿಚಾರಿಸುವ ಸ್ಥಾನದಲ್ಲಿ ಇರಲಿ. ಈಗಲೂ ನೇಮದ (ದೈವಾರಾಧನೆಯ ಉತ್ಸವ) ಹೊತ್ತಿಗೆ ಜಾಗದ ತಕರಾರು, ಪಾಲಿನ ಜಗಳ ದೈವದ ಮುಂದೆ ಬರುತ್ತವೆ, ದೈವ ನುಡಿ ಕೊಡುತ್ತದೆ. ಇನ್ನೊಂದು ಮಾತು. ದೈವ ಕಟ್ಟುವವರು, ಅಂದರೆ ದೈವದ ವೇಷ ಧರಿಸಿ ಕುಣಿಯುವವರು, ನಲಿಕೆ, ಪರವ, ಪಂಬದ ಸಮುದಾಯದವರು, ತಲೆಮಾರುಗಳಿಂದ ಈ ಜವಾಬ್ದಾರಿ ಹೊತ್ತವರು. ಅವರಲ್ಲೊಬ್ಬನನ್ನು ಹುಚ್ಚು ಕೊಲೆಗಾರ ಮಾಡುವ ಟ್ವಿಸ್ಟ್ ಹೊಳೆದರೆ ದಯವಿಟ್ಟು ಅಲ್ಲೇ ಬಿಟ್ಟುಬಿಡಿ.

ಹಾಗಾದರೆ ಬೇಟೆ ಯಾರದ್ದು? ಅಸುರರದ್ದು. ಅದಕ್ಕೆ ಹೊರಗೆಲ್ಲೂ ಹುಡುಕಬೇಕಾಗಿಲ್ಲ. ಕೊಲ್ಲೂರಿಗೆ ಹೋದರೆ ಮೂಕಾಸುರ, ಕಟೀಲಿಗೆ ಹೋದರೆ ಅರುಣಾಸುರ. ಅದರಲ್ಲೂ ಕಟೀಲಿನ ಕಥೆ ಥ್ರಿಲ್ಲರ್ ಬರೆಯುವವರಿಗೆ ಪಾಠ ಇದ್ದಂತೆ. ಎರಡು ಕಾಲಿನವರಿಂದಲೂ ನಾಲ್ಕು ಕಾಲಿನವುಗಳಿಂದಲೂ ಸಾವು ಬರಬಾರದು ಅಂತ ಅರುಣಾಸುರ ವರ ಪಡೆದಿದ್ದಾನೆ. ದೇವಿ ಸುಂದರಿಯಾಗಿ ಕಾಣಿಸಿಕೊಂಡು ಅವನನ್ನು ಸೆಳೆಯುತ್ತಾಳೆ. ಅಟ್ಟಿಸಿಕೊಂಡು ಬಂದಾಗ ಬಂಡೆಯೊಳಗೆ ಮರೆಯಾಗುತ್ತಾಳೆ. ಅವನು ಸಿಟ್ಟಿನಲ್ಲಿ ಖಡ್ಗದಿಂದ ಬಂಡೆಗೆ ಹೊಡೆಯುತ್ತಾನೆ. ಒಳಗಿನಿಂದ ದುಂಬಿಗಳ ಹಿಂಡು ಹೊರಗೆ ಬರುತ್ತದೆ. ದುಂಬಿಗೆ ಆರು ಕಾಲು! ಗಮನಿಸಿ, ಬಂಡೆ ಒಡೆದು ಸಾವಿಗೆ ದಾರಿ ಮಾಡಿಕೊಟ್ಟವನು ಅವನೇ. ಅವನ ರಕ್ಷಣೆಯ ನಿಯಮ ಮೊದಲೇ ನಮಗೆ ಗೊತ್ತಿತ್ತು, ಅದರೊಳಗಿನ ಸಂದು ಮಾತ್ರ ಕಂಡಿರಲಿಲ್ಲ. ಕೊನೇ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಒಂದು ಮಂತ್ರ ನೆನಪಾಗಿ ರಾಕ್ಷಸ ಸಾಯುವ ಕಾದಂಬರಿಗಳು ಎಡವುವುದು ಇಲ್ಲೇ.

ರಾಕ್ಷಸನನ್ನು ಹೇಗೆ ತೋರಿಸಬೇಕು ಅನ್ನೋದಕ್ಕೆ ಯಕ್ಷಗಾನದ ಆಟ ನೋಡಿ. ತೆಂಕುತಿಟ್ಟು ಶೈಲಿಯಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುವವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚಿಟ್ಟಿ ಇಡುತ್ತಾರೆ. ಅದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದ ಮುಖವನ್ನು ಕೂಡಲೇ ತೋರಿಸುವುದಿಲ್ಲ. ತೆರೆಯ ಹಿಂದೆ ಕಿರೀಟದ ತುದಿ ಕಾಣುತ್ತದೆ, ಒಂದು ಆರ್ಭಟ ಕೇಳುತ್ತದೆ, ಮತ್ತೆ ಮರೆ. ದೇವಿಮಹಾತ್ಮೆ ಪ್ರಸಂಗದ ಮಹಿಷಾಸುರನಂತೂ ರಂಗಸ್ಥಳದ ಹಿಂದಿನಿಂದ ಬರೋದೇ ಇಲ್ಲ. ದೊಂದಿಯ ಬೆಂಕಿ, ಪಟಾಕಿಯ ಸದ್ದಿನ ನಡುವೆ ಪ್ರೇಕ್ಷಕರು ಕೂತಲ್ಲಿಂದಲೇ ನುಗ್ಗಿ ಬರುತ್ತಾನೆ. ಇಷ್ಟು ಹೊತ್ತು ನಾವು ಎದುರು ನೋಡುತ್ತಿದ್ದೆವು, ಅವನು ನಮ್ಮ ಬೆನ್ನ ಹಿಂದೆ ಇದ್ದ. ನಿದ್ದೆ ತೂಗುತ್ತಿದ್ದ ಮಕ್ಕಳು ಅಮ್ಮನ ಸೆರಗಿಗೆ ಅಂಟಿಕೊಳ್ಳುವುದು ಆಗಲೇ. ನಿಮ್ಮ ಅಸುರನೂ ಗುತ್ತಿನ ಮನೆಯ ಊಟದ ಪಂಕ್ತಿಯಲ್ಲೇ ಮೊದಲಿನಿಂದ ಕೂತಿದ್ದರೆ ಹೇಗೆ?

ಕಥೆಯ ಕಾಲ ಆಟಿ ತಿಂಗಳಾಗಿರಲಿ ಅಂತ ನನ್ನ ಆಸೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಬಿಡದೆ ಮಳೆ. ಮೇ ಕೊನೆಯ ವಾರದ ಪತ್ತನಾಜೆ ಅನ್ನೋ ದಿನಕ್ಕೇ ನೇಮ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ನಿಂತಿರುತ್ತದೆ. ಊರು ಕಾಯುವ ದೈವಗಳ ಸದ್ದಿಲ್ಲದ ಕಾಲ ಅದು. ಆಗ ಮನೆಮನೆಗೆ ಬರುವವನು ಆಟಿ ಕಳೆಂಜ. ತೆಂಗಿನ ಎಳೆ ಗರಿಯ ಉಡುಗೆ, ಕೈಯಲ್ಲಿ ತಾಳೆಗರಿಯ ಕೊಡೆ, ಜೊತೆಗೆ ತೆಂಬರೆ ಅನ್ನೋ ಚರ್ಮವಾದ್ಯದ ಸದ್ದು. ಅವನ ಕೆಲಸವೇ ಮಾರಿಯನ್ನು ಊರಿನಿಂದ ಓಡಿಸುವುದು. ನಿಮ್ಮ ನಾಯಕ ಪೇಟೆಯಿಂದ ಯಂತ್ರ ಹೊತ್ತು ತರುವ ಮೊದಲು ಈ ಕಳೆಂಜನನ್ನು ಒಮ್ಮೆ ಭೇಟಿಯಾಗಲಿ.

ಆಟಿ ಅಮಾವಾಸ್ಯೆಯ ಬೆಳಿಗ್ಗೆಯನ್ನಂತೂ ಬಿಡಬೇಡಿ. ಬೆಳಕು ಹರಿಯುವ ಮೊದಲೇ ಹೋಗಿ ಪಾಲೆ ಮರದ ತೊಗಟೆ ತರುವ ಪದ್ಧತಿ ಇದೆ. ಕಬ್ಬಿಣ ಮುಟ್ಟಿಸುವ ಹಾಗಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಅದರ ಕಹಿ ಕಷಾಯವನ್ನು ಮನೆಯವರೆಲ್ಲ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದುಬಿಟ್ಟರೆ ಜೀವಕ್ಕೇ ಅಪಾಯ, ಅದು ವಿಷದ ಮರ. ಹಿಂದಿನ ದಿನವೇ ಮರ ಗುರುತು ಮಾಡಿ ಇಡುವುದು ಅದಕ್ಕೇ. ಆ ಗುರುತನ್ನು ಯಾರಾದರೂ ರಾತ್ರೋರಾತ್ರಿ ಬದಲಾಯಿಸಿದ್ದರೆ? ಒಂದು ಪೂರ್ತಿ ಅಧ್ಯಾಯ ಅಲ್ಲೇ ಸಿಕ್ಕಿತು, ಅಲ್ವಾ?

ಕುಲೆಗಳ ವಿಷಯವನ್ನು ಬೇರೆಯೇ ಇಡಿ. ಕುಲೆ ಅಂದರೆ ಸತ್ತು ಹೋದ ನಮ್ಮವರೇ. ಅವರಿಗೆ ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ತೀರಿಕೊಂಡ ಮಗಳಿಗೆ, ಅವಳಂತೆಯೇ ತೀರಿಕೊಂಡ ಇನ್ನೊಂದು ಮನೆಯ ಮಗನನ್ನು ಹುಡುಕಿ ಪ್ರೇತ ಮದುವೆ ಮಾಡುತ್ತೇವೆ. ಹೆತ್ತವರು ಎಷ್ಟೋ ವರ್ಷ ಬಿಟ್ಟು ಅವಳಿಗಾಗಿ ಸೀರೆ, ಬಳೆ ಆರಿಸುತ್ತಾರೆ. ಇವರನ್ನು ಬೇಟೆಯ ಪಟ್ಟಿಗೆ ಸೇರಿಸಬೇಡಿ. ನಾಯಕ ಮೊದಲು ಅಂಥ ಮಗಳೊಬ್ಬಳ ಕುಲೆಯನ್ನೇ ರಾಕ್ಷಸಿ ಅಂದುಕೊಂಡು ಬಂಧಿಸಲು ಹೊರಡಲಿ ಬೇಕಾದರೆ. ಆಮೇಲೆ, ಪಂಕ್ತಿಯಲ್ಲಿ ಕೂತಿರುವ ನಿಜವಾದ ಅಸುರನ ಗುರುತು ಹೇಳುವವಳು ಅವಳೇ ಆಗಲಿ. ಅವಳ ಸಾವಿಗೆ ಕಾರಣ ಯಾರು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?