ಹೆಂಗಸರ ಟೂರ್ ಡಿ ಫ್ರಾನ್ಸ್: ಮೊದಲನೇದು ಯಾವುದು ಅಂತ ಲೆಕ್ಕ ಇಡೋದು ಹೇಗೆ?

ಹೆಂಗಸರ ಟೂರ್ ಡಿ ಫ್ರಾನ್ಸ್ ಶುರುವಾಗಿದ್ದು ಯಾವಾಗ ಅಂತ ಸೈಕಲ್ ಹುಚ್ಚಿನ ಮೂವರನ್ನು ಕೇಳಿ ನೋಡಿ. ಒಬ್ಬರು 1955 ಅನ್ನುತ್ತಾರೆ, ಇನ್ನೊಬ್ಬರು 1984, ಮತ್ತೊಬ್ಬರು 2022. ಮಜಾ ಏನಂದ್ರೆ ಮೂವರೂ ಸುಳ್ಳು ಹೇಳುತ್ತಿಲ್ಲ.

ಫ್ರಾನ್ಸ್ ಸುತ್ತುವ ಈ ಸೈಕಲ್ ರೇಸ್‌ನಲ್ಲಿ ಗಂಡಸರ ಲೆಕ್ಕ ಸುಲಭ. 1903ರಲ್ಲಿ ಶುರು, ಎರಡು ಮಹಾಯುದ್ಧಗಳ ಕಾಲ ಬಿಟ್ಟರೆ ಪ್ರತಿ ವರ್ಷ ನಡೆದಿದೆ. ಈಗ 21 ಹಂತ. ದಿನಕ್ಕೊಂದು ಹಂತ ಓಡಿಸಬೇಕು, ಎಲ್ಲ ದಿನಗಳ ಸಮಯ ಕೂಡಿಸಿದಾಗ ಯಾರದ್ದು ಕಡಿಮೆಯೋ ಅವರಿಗೆ ಹಳದಿ ಜೆರ್ಸಿ. ಹೆಂಗಸರಿಗೆ 1955ರಲ್ಲಿ ನಾರ್ಮಂಡಿಯಲ್ಲಿ ಐದು ಹಂತದ ಒಂದು ಟೂರ್ ಆಯಿತು, ಐಲ್ ಆಫ್ ಮ್ಯಾನ್ ದ್ವೀಪದ ಮಿಲ್ಲಿ ರಾಬಿನ್ಸನ್ ಗೆದ್ದರು. ಮಾರನೇ ವರ್ಷ ಇಲ್ಲ. ಮುಂದೆ ಸುಮಾರು ಮೂವತ್ತು ವರ್ಷ ಏನೂ ಇಲ್ಲ.

ಆಮೇಲೆ 1984. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗೋದು ಇದೇ ಭಾಗ. ಆ ವರ್ಷ ಗಂಡಸರ ಟೂರ್ ಜೊತೆಜೊತೆಗೇ ಹೆಂಗಸರದ್ದೂ ನಡೆಯಿತು, 18 ಹಂತ. ಅದೇ ದಿನ, ಬಹುಪಾಲು ಅದೇ ರಸ್ತೆ, ಮುಗಿಯೋ ಗೆರೆಯೂ ಅದೇ. ದೂರ ಮಾತ್ರ ಕಡಿಮೆ, ಯಾಕಂದ್ರೆ ಹೆಂಗಸರ ರೇಸ್ ಇಷ್ಟೇ ಕಿಲೋಮೀಟರ್ ಇರಬೇಕು ಅನ್ನೋ ಮಿತಿ ಆಗ ಇತ್ತು. ಹೆಂಗಸರು ಗಂಡಸರಿಗಿಂತ ಮುಂಚೆ ಬಂದು ಮುಟ್ಟುತ್ತಿದ್ದರು. ಗಂಡಸರನ್ನು ನೋಡೋಕೆ ಬೆಳಿಗ್ಗೆಯಿಂದ ಬೆಟ್ಟದ ದಾರಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತ ಜನ ಸುಮ್ನೆ ಇರುತ್ತಾರಾ? ಇವರಿಗೂ ಕೂಗಿ ಕೂಗಿ ಹುರುಪು ತುಂಬಿದರು. ಜನ ಸೇರಿಸೋಕೆ, ರಸ್ತೆ ಮುಚ್ಚಿಸೋಕೆ, ಪೊಲೀಸರನ್ನು ನಿಲ್ಲಿಸೋಕೆ ಬೇರೆ ಖರ್ಚು ಬೇಕಾಗಲಿಲ್ಲ. ಎಷ್ಟು ಸರಳ ಉಪಾಯ ನೋಡಿ.

ಹೊರಟವರು 36 ಮಂದಿ. ಇವರಿಂದ ಆಗುತ್ತಾ ಅನ್ನೋ ಅನುಮಾನ ಆಗ ಜೋರಾಗಿತ್ತು. ಹೆಂಗಸರ ಮ್ಯಾರಥಾನ್ ಮತ್ತು ರಸ್ತೆ ಸೈಕಲ್ ರೇಸ್ ಎರಡೂ ಒಲಿಂಪಿಕ್ಸ್‌ಗೆ ಮೊದಲ ಸಲ ಬಂದಿದ್ದೇ ಅದೇ ಬೇಸಿಗೆಯಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಹೆಂಗಸರ ಟೂರ್ ಗೆದ್ದದ್ದು ಅಮೆರಿಕದ ಮರಿಯಾನ್ ಮಾರ್ಟಿನ್. ಆ ವರ್ಷದ ಮೊದಲಲ್ಲಿ ಅವರಿಗೆ ರಕ್ತಹೀನತೆ, ತಂಡಕ್ಕೆ ಸೇರಿದ್ದು ಕೊನೇ ಗಳಿಗೆಯಲ್ಲಿ. ಅಂಥವರು ಆಲ್ಪ್ಸ್ ಬೆಟ್ಟಗಳಲ್ಲಿ ಹಳದಿ ಜೆರ್ಸಿ ಕಿತ್ತುಕೊಂಡು ಪ್ಯಾರಿಸ್‌ವರೆಗೆ ಬಿಟ್ಟುಕೊಡಲಿಲ್ಲ. ಅಲ್ಲಿನ ಶಾನ್ಸ್ ಎಲಿಸೇ ರಸ್ತೆಯಲ್ಲಿ ಗಂಡಸರಲ್ಲಿ ಗೆದ್ದ ಲೋರಾಂ ಫಿನ್ಯೋನ್ ಪಕ್ಕದಲ್ಲೇ ಅವರೂ ನಿಂತರು. ಫಿನ್ಯೋನ್‌ಗೆ ಒಂದು ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ಮಾರ್ಟಿನ್‌ಗೆ ಸುಮಾರು ಸಾವಿರ ಡಾಲರ್ ಮತ್ತು ಒಂದು ಟ್ರೋಫಿ.

1985, 86ರಲ್ಲಿ ಇಟಲಿಯ ಮರಿಯಾ ಕನೀನ್ಸ್ ಗೆದ್ದರು. ಮೊದಲು ಹಿಮದ ಮೇಲೆ ಸ್ಕೀ ಓಡಿಸುತ್ತಿದ್ದವರು, ಒಂದು ಮಗುವಿನ ತಾಯಿ, ಮೊದಲ ಸಲ ಗೆದ್ದಾಗ ವಯಸ್ಸು 36. ಮುಂದಿನ ಮೂರು ವರ್ಷ ಫ್ರಾನ್ಸಿನವರೇ ಆದ ಜಾನಿ ಲೋಂಗೋ. 1989 ಆದ ಮೇಲೆ ಈ ಜೋಡಿ ರೇಸ್ ನಿಂತುಹೋಯಿತು. ಖರ್ಚು ಹೆಚ್ಚು, ಆದಾಯ ಕಡಿಮೆ ಅನ್ನೋ ಮಾತು ಬಂತು. ಇರಬಹುದು. ಐದಾರು ವರ್ಷದಲ್ಲಿ ಯಾವ ಗಿಡ ಹಣ್ಣು ಬಿಡುತ್ತೆ ಅಂತ ಕೇಳೋ ಆಸೆ ನನಗೂ ಇದೆ.

ಮುಂದಿನ ಇಪ್ಪತ್ತು ವರ್ಷ ಗೋಜಲು. ಬೇರೆ ಸಂಘಟಕರು, ಬೇರೆ ಹೆಸರು, ಕೆಲವೊಮ್ಮೆ ಬೇರೆ ತಿಂಗಳು. ‘ಟೂರ್’ ಅನ್ನೋ ಪದದ ಹಕ್ಕು ಯಾರದ್ದು ಅಂತ ಜಗಳವಾಗಿ ಕೊನೆಗೆ ರೇಸಿಗೆ ‘ಗ್ರಾಂಡ್ ಬೂಕ್ಲ್’ ಅಂತ ಹೆಸರಾಯಿತು. ದೊಡ್ಡ ಸುತ್ತು ಅಂತ ಅರ್ಥ. ದುಡ್ಡಿನ ತಾಪತ್ರಯ ಬಿಡಲೇ ಇಲ್ಲ. 2009ರ ಹೊತ್ತಿಗೆ ದೊಡ್ಡ ಸುತ್ತು ನಾಲ್ಕೇ ದಿನಕ್ಕೆ ಬಂದು ನಿಂತಿತ್ತು. ಗೆದ್ದದ್ದು ಬ್ರಿಟನ್ನಿನ ಎಮ್ಮಾ ಪೂಲಿ. ಅಲ್ಲಿಗೆ ಅದೂ ಮುಗಿಯಿತು.

2013ರಲ್ಲಿ ಅದೇ ಪೂಲಿ, ಸೈಕಲ್ ರೇಸಿನ ಮರಿಯಾನ್ ವೋಸ್, ಕ್ಯಾಥರಿನ್ ಬರ್ಟೀನ್, ಟ್ರಯಾಥ್ಲಾನ್ ಓಟಗಾರ್ತಿ ಕ್ರಿಸ್ಸಿ ವೆಲ್ಲಿಂಗ್ಟನ್ ಸೇರಿ ಒಂದು ಮನವಿ ಹೊರಡಿಸಿದರು. ಹೆಂಗಸರಿಗೂ ಟೂರ್ ಬೇಕು ಅಂತ ಲಕ್ಷದ ಹತ್ತಿರ ಸಹಿ ಬಿದ್ದವು. ಫಲ? 2014ರಿಂದ ‘ಲಾ ಕೋರ್ಸ್’ ಅನ್ನೋ ಒಂದು ದಿನದ ರೇಸ್. ಊಟ ಕೇಳಿದವರಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಅಂತ ಕೆಲವರು ಗೊಣಗಿದರು, ಅದೂ ನಿಜ. ಆದರೆ ಉಪ್ಪಿನಕಾಯಿ ರುಚಿ ಚೆನ್ನಾಗೇ ಇತ್ತು. 2018ರಲ್ಲಿ ಆಲ್ಪ್ಸ್‌ನ ಲ ಗ್ರಾನ್ ಬೋರ್ನಾನ್ ಊರಿನಲ್ಲಿ ನೆದರ್ಲೆಂಡ್ಸ್‌ನ ಆನಾ ವಾನ್ ಡೆರ್ ಬ್ರೆಗನ್ ಒಬ್ಬರೇ ಮುಂದೆ, ಗೆರೆ ಕಣ್ಣೆದುರಿಗೇ ಇದೆ. ಹಿಂದಿನಿಂದ ಆನಮೀಕ್ ವಾನ್ ವ್ಲೂಟನ್ ಹಲ್ಲು ಕಚ್ಚಿಕೊಂಡು ಬಂದು, ಕೊನೇ ಕೆಲವು ಮೀಟರ್‌ನಲ್ಲಿ ದಾಟಿಯೇಬಿಟ್ಟರು. ನೋಡಿದವರು ಯಾರೂ ಆಮೇಲೆ ಹೆಂಗಸರ ರೇಸ್ ಬೋರು ಅನ್ನಲಿಲ್ಲ.

ಕಡೆಗೂ 2022ರಲ್ಲಿ ಎಂಟು ಹಂತದ ‘ಟೂರ್ ಡಿ ಫ್ರಾನ್ಸ್ ಫಾಮ್’ ಬಂತು. ಫಾಮ್ ಅಂದ್ರೆ ಹೆಂಗಸರು. ಪ್ರಾಯೋಜಕರು ಸಿಕ್ಕಿದ್ದರು, ಟಿವಿಯಲ್ಲಿ ನೇರಪ್ರಸಾರ ಇತ್ತು. ಹಿಂದಿನ ರೇಸ್‌ಗಳಿಗೆ ಈ ಎರಡೂ ಗಟ್ಟಿಯಾಗಿ ಸಿಕ್ಕಿರಲಿಲ್ಲ. ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟು ಒದ್ದಾಡಿದ ವಾನ್ ವ್ಲೂಟನ್ ಬೆಟ್ಟ ಬಂದ ಕೂಡಲೇ ಎಲ್ಲರನ್ನೂ ಬಿಟ್ಟು ಹೋಗಿ ಗೆದ್ದರು. ಬಹುಮಾನ 50,000 ಯೂರೋ, ಗಂಡಸರಿಗೆ ಐದು ಲಕ್ಷ. 1984ರಲ್ಲಿ ನೂರರಷ್ಟಿದ್ದ ಅಂತರ ಹತ್ತರಷ್ಟಕ್ಕೆ ಇಳಿದಿದೆ, ಅಷ್ಟರ ಮಟ್ಟಿಗೆ ಖುಷಿ. 2024ರಲ್ಲಂತೂ ಎಂಟು ಹಂತ ಮುಗಿಸಿ ಆಲ್ಪ್ ದ್ವೆಜ್ ಬೆಟ್ಟ ಹತ್ತಿದ ಮೇಲೆ ಪೋಲೆಂಡಿನ ಕಾಶಾ ನ್ಯೇವ್ಯಡೋಮಾ ಗೆದ್ದದ್ದು ನಾಲ್ಕೇ ಸೆಕೆಂಡಿನಿಂದ. ಗಂಡಸರಲ್ಲಿ ಅತಿ ಕಡಿಮೆ ಅಂತರ ಎಂಟು ಸೆಕೆಂಡು, 1989ರದ್ದು.

ಆದರೆ ಸಂಘಟಕರ ಲೆಕ್ಕ ಶುರುವಾಗೋದು 2022ರಿಂದಲೇ. ಆ ಪಟ್ಟಿಯಲ್ಲಿ ಮಾರ್ಟಿನ್ ಇಲ್ಲ, ಕನೀನ್ಸ್ ಇಲ್ಲ. 2025ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಪೋಲಿನ್ ಫೆರಾಂ-ಪ್ರೆವೋ ಶಾಟೆಲ್‌ನಲ್ಲಿ ಹಳದಿ ಜೆರ್ಸಿ ತೊಟ್ಟು ಗೆದ್ದಾಗ ಅದು ನಾಲ್ಕನೇ ಟೂರ್. ಸುದ್ದಿಯವರು ಮಾತ್ರ ಬರೆದದ್ದು: 1989ರ ಲೋಂಗೋ ನಂತರ ಗೆದ್ದ ಮೊದಲ ಫ್ರೆಂಚ್ ಹೆಣ್ಣುಮಗಳು. ಹಾಗಾದ್ರೆ ಲೋಂಗೋ ಗೆದ್ದಿದ್ದು ಏನನ್ನ?